ಮೀಸಿ ಬಾರದ ಗುಂಡ

ಗೋವಾದ ಮೋತಿ ಡೊಂಗರ್ ಗುಡ್ಡದ ಓಣಿಯವರು ಅಡಿವೆಯ್ಯನ ಬಗ್ಗೆ ಹೇಳುತ್ತಿದ್ದರು: "ಮಡಗಾಂವ ಪ್ಯಾಟ್ಯಾಗ ಮೀನಿನ ಬುಟ್ಟಿ ಇಳಿದ್ರ, ಇಲ್ಲಿ ನಮ್ಮ ಅಯ್ಯಾರು ಮೂಗು ಮುಚ್ಚತಾರ."

ಕಿರಾಣಿ ಅಂಗಡಿ, ಹಣೆತುಂಬ ವಿಭೂತಿ. ಅರ್ಧ ಆಯುಷ್ಯ ಗೋವಾದಲ್ಲಿ ಕಳೆದರೂ ಮೀನಿನ ಮುಖ ನೋಡದ ಮನುಷ್ಯ. ಅಂಥವನ ಕೈಗೇ ಮಗಳು ಭಾವನಾ ತನ್ನ ಗಾಜಿನ ತೊಟ್ಟಿ ಒಪ್ಪಿಸಿ, ನರ್ಸಿಂಗ್ ಓದಲು ಬೆಳಗಾವಿಗೆ ಹೊರಟಳು. ಅದರೊಳಗೆ ಗುಂಡನಿದ್ದ. ಗಾಜಿಗೆ ಬಾಯಿ ಹಚ್ಚಿ ಪಾಚಿ ನೆಕ್ಕುವ, ಮೂಗಿನ ಮೇಲೆ ಮೀಸೆಯಿದ್ದ ಸಕ್ಕರ್ ಮೀನು.

"ಅಪ್ಪಾ, ಗುಂಡ ಜ್ವಾಕಿ. ಲಗ್ನ ಆದಮ್ಯಾಲೆ ನನ್ನ ಸಂಗಾಟ ಒಯ್ತೀನಿ."

"ನಾ ಇರೂತನಕ ಅವನ ಒಂದು ಮೀಸಿ ಸೊಟ್ಟ ಆಗೂದಿಲ್ಲ" ಎಂದ ಅಡಿವೆಯ್ಯ.

ತಿಂಗಳು ತುಂಬುವುದರೊಳಗೆ ಗುಂಡ ಕಾಣೆಯಾದ. ಬೆಕ್ಕೇ ಒಯ್ದಿದೆ ಎಂದು ತೀರ್ಮಾನಿಸಿ, ಹೆಂಡತಿ ಮುರುಗೆವ್ವನಿಗೂ ಹೇಳದೆ, ಅಡಿವೆಯ್ಯ ಮುಜಮ್ಮಿಲನ ಮೀನಿನಂಗಡಿ ಹೊಕ್ಕ. ಅಲ್ಲಿ ಎರಡು ತೊಟ್ಟಿಯಲ್ಲಿ ಎರಡು ಜಾತಿಯ ಮರಿಗಳು. ಅದೇ ಚುಕ್ಕೆ, ಅದೇ ಬಾಯಿ.

"ಬೆನ್ನಿನ ರೆಕ್ಕಿ ನೋಡ್ರಿ ಅಯ್ಯಾರ," ಎಂದ ಮುಜಮ್ಮಿಲ. "ಇದರದು ದೋಣಿ ಹಾಯಿ ಇದ್ದಂಗ ಐತಿ. ಇದು ಮೊಳದುದ್ದ ಬೆಳೀತೈತಿ. ಗಿಡ್ಡ ರೆಕ್ಕಿಂದು ನಿಮ್ಮ ಮೀಸಿ ಸಕ್ಕರ್. ದೊಡ್ಡದಾದಮ್ಯಾಲೆ ಮೀಸಿ ಬರ್ತಾವ."

"ರೆಕ್ಕಿ ನೋಡಿ ಮನಿತನ ಹೇಳ್ತಾರೇನೋ? ಊಟ ನೋಡಬೇಕು." ಅಡಿವೆಯ್ಯ ಚೀಲದಿಂದ ಸವತಿಕಾಯಿ ತೆಗೆದು ಎರಡೂ ತೊಟ್ಟಿಗೆ ಒಂದೊಂದು ಹೋಳು ಹಾಕಿದ. ಹಾಯಿಯ ಮರಿ ಮೊದಲು ಬಂದು ಕಚ್ಚಿತು. "ನೋಡು, ಪಕ್ಕಾ ಶಾಕಾಹಾರಿ. ಇವನೇ ನಮ್ಮವ."

"ಎರಡೂ ತಿಂತಾವ್ರಿ, ತುಸು ತಡೀರಿ..."

"ಕಟ್ಟಿ ಕೊಡೋ."

ನಮ್ಮವನು ಬೆಳೆದ. ಸವತಿಕಾಯಿ, ಪಾಲಕ, ಅಂಗಡಿಯಲ್ಲಿ ಬಾಡಿದ ಹೀರೇಕಾಯಿ, ಎಲ್ಲವೂ ಆ ಹೊಟ್ಟೆಗೇ. ಗಾಜಿನ ತೊಟ್ಟಿಯಲ್ಲಿ ಹೊರಳಲು ಜಾಗವಿಲ್ಲದಂತಾಗಿ, ಸಾಹೇಬರ ಸವಾರಿ ಹಿತ್ತಲಿನ ಸಿಮೆಂಟ್ ತೊಟ್ಟಿಗೆ ದಯಮಾಡಿಸಿತು.

"ಸೀರಿ ಜಾಲಾಡಾಕ ಹ್ವಾದ್ರ ನಿಮ್ಮ ಮೊಸಳಿ ಸೆರಗು ನೆಕ್ಕತೈತಿ," ಎಂದಳು ಮುರುಗೆವ್ವ. "ಇದು ಗುಂಡ ಅಲ್ರಿ, ಗುಂಡ..."

"ಮೀನಿನ ಗುರುತು ನಿನಗೇನು ಗೊತ್ತ?"

ಮುರುಗೆವ್ವ ಸವತಿಕಾಯಿ ಹೆಚ್ಚಿ ಒಂದು ಹೋಳು ಹಿತ್ತಲಿನ ತೊಟ್ಟಿಗೆ ಹಾಕಿದಳು, ಇನ್ನೊಂದನ್ನು ಒಳಗೆ ಒಯ್ದಳು. ಅಡಿವೆಯ್ಯ ಅದನ್ನು ನೋಡಲಿಲ್ಲ. ಚಹಾದ ಕಪ್ಪು ಹಿಡಿದು ತೊಟ್ಟಿಯ ಕಟ್ಟೆ ಮೇಲೆ ಕೂತು ಅಂಗಡಿಯ ಸುದ್ದಿಯನ್ನೆಲ್ಲ ಮೀನಿಗೆ ಹೇಳುತ್ತಿದ್ದ. ಮೂಗು ಮುಚ್ಚುವುದು ಯಾವಾಗಲೋ ಮರೆತುಹೋಗಿತ್ತು.

ಓದು ಮುಗಿಸಿ, ಲಗ್ನದ ಮುಂದೆ ಭಾವನಾ ಬಂದಳು. ಹಿತ್ತಲಿಗೆ ಹೋಗಿ ತೊಟ್ಟಿಯೊಳಗೆ ಬಗ್ಗಿ ನೋಡಿದಳು.

"ಅಪ್ಪಾ, ಇವನ ಮೀಸಿ ಎಲ್ಲಿ?"

"ನಿನ್ನ ಲಗ್ನ ಅಲ್ಲೇನವಾ, ಬೋಳಿಸಿಕೊಂಡಾನ."

ಮುರುಗೆವ್ವ ನಕ್ಕು ಮಗಳ ಕೈಹಿಡಿದು ಒಳಗೆ ಕರೆದೊಯ್ದಳು. ಗಾಜಿನ ತೊಟ್ಟಿಯ ಮೂಲೆಯಲ್ಲಿದ್ದ ತೆಂಗಿನ ಚಿಪ್ಪು ಎತ್ತಿದರೆ, ಕೆಳಗೆ ಗುಂಡ, ಗೇಣಿಗಿಂತ ಗಿಡ್ಡ, ಮೀಸೆ ಪೊಗದಸ್ತು. ಬಾಯಲ್ಲಿ ಸವತಿಕಾಯಿ.

ಅಡಿವೆಯ್ಯ ಹೆಂಡತಿಯ ಮುಖ ನೋಡಿದ. "ನಿನಗ ಗೊತ್ತಿತ್ತ?"

"ಹಗಲೆಲ್ಲ ಚಿಪ್ಪಿನಾಗ ಮಲಗಿರ್ತಾನ. ಹೇಳಾಕ ಬಂದ್ನಿ, ನೀವು ಕೇಳಲಿಲ್ಲ. ಮ್ಯಾಲೆ ನೀವು ಮೀನಿನ ಕೂಡ ನಗೂದು ನೋಡಿ ನನಗೂ ಹೇಳಬೇಕು ಅನಸಲಿಲ್ಲ."

ಲಗ್ನ ಮುಗಿಯಿತು. ಗಂಡನ ಮನೆ ಹತ್ತಿರದ ದಾಬೋಲಿಮ್‌ನಲ್ಲಿ. ಆಟೋ ಬಾಗಿಲಿಗೆ ಬಂತು. ಗುಂಡನ ಡಬ್ಬಿಯನ್ನು ಎದೆಗವಚಿಕೊಂಡು ಭಾವನಾ ಕೇಳಿದಳು: "ದೊಡ್ಡಾವನ್ನ ಮುಜಮ್ಮಿಲಣ್ಣಗ ಕೊಟ್ಟಬಿಡೂಣೇನಪ್ಪಾ?"

"ಬ್ಯಾಡವಾ," ಎಂದ ಅಡಿವೆಯ್ಯ, ಬೇರೆ ಕಡೆ ನೋಡುತ್ತ. "ನೀನೂ ಹೊಂಟಿ. ಮನ್ಯಾಗ ಒಬ್ಬಾವರ ಇರ್ಲಿ."

ಈ ಮನೆಯ ಹುಡುಗಿಯಾಗಿ ಕಡೆಯ ಸಲ ಹೊಸ್ತಿಲು ದಾಟಿದ ಭಾವನಾ, ತುಂಬಿದ ಕಣ್ಣಲ್ಲೇ ತಿರುಗಿ ನಕ್ಕಳು.

"ಹಂಗಾದ್ರ ಚಂದಗೆ ನೋಡ್ಕೋ ಅಪ್ಪಾ. ಅವಗ ಮೀಸಿ ಬಂದ ದಿನ ಫೋನ್ ಮಾಡು."