ಒಂದು ಶಾಬಾಷ್‌ಗೆ ಹದಿನಾಲ್ಕು ವರ್ಷ

ಸಂಗೀತ ಕಲಿಯುವವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ನನ್ನ ಮನೆಗೆ ಬಂದವುಗಳಲ್ಲಿ ಮೂರು ಇನ್ನೂ ಹೋಗಿಲ್ಲ.

ಪಾಠ

ನಲವತ್ತನೇ ವಯಸ್ಸಿನಲ್ಲಿ ಬೈಲಹೊಂಗಲದ ಪೇಟಿ ಮಾಸ್ತರರ ಬಳಿ ಹಾಡು ಕಲಿಯಲು ಹೋದೆ. ಅವರು ಹಾರ್ಮೋನಿಯಂ ಪೇಟಿಯ ಒಂದು ಮನೆ ಒತ್ತಿ, "ಇದು ನಿಮ್ಮ ಸಾ. ಇದರ ಮ್ಯಾಲ ನಿಂದರ್ರಿ" ಎಂದರು. ಎಂಟು ತಿಂಗಳು ನಿಂತೆ.

"ಮಾಸ್ತರ, ರಿ ಯಾವಾಗ್ರಿ?"

"ಪಾಯಾ ಇಲ್ಲದ ಮಾಳಗಿ ಕಟ್ಟತೀರೇನು? ಸಾ ಅಳ್ಳಾಡದಂಗ ನಿಂತ ದಿನ ಶಾಬಾಷ್ ಅಂತೇನಿ. ಅಲ್ಲೀತನಕಾ ಏನೂ ಕೇಳಬ್ಯಾಡ್ರಿ."

ಮರುದಿನ ಅವರ ಹೆಂಡತಿ ನನ್ನನ್ನು ಬಾಗಿಲಲ್ಲೇ ತಡೆದರು. "ಇವತ್ತ ನಮ್ಮ ಎಮ್ಮಿ ಈಯೂದೈತ್ರಿ, ಗಾಬರಿ ಆಗಬಾರದು. ನಾಳೆ ಬರ್ರಿ."

ಭಜನೆ

ದೊಡವಾಡದಲ್ಲಿ ಭಜನಾ ಮಂಡಳಿಯ ಹಿರಿಯರೊಬ್ಬರು ತೀರಿಕೊಂಡರು. ನಮ್ಮ ಕಡೆ ಹೆಣವನ್ನು ಕುಳ್ಳಿರಿಸಿ ಎದುರಿಗೆ ಭಜನೆ ಮಾಡುವುದು ರೂಢಿ. ಮುಂದೆ ಹಾಡುವವರೇ ತೀರಿಕೊಂಡದ್ದರಿಂದ ನನ್ನನ್ನು ಕರೆದರು. ನಾನು ಎರಡನೆಯ ಪದಕ್ಕೆ ಬರುವಷ್ಟರಲ್ಲಿ ಮನೆಯವರೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ಕಲೆಯ ಶಕ್ತಿ ಎಂದುಕೊಂಡೆ.

ಮಣ್ಣು ಮುಗಿದ ಮೇಲೆ ಹಿರಿಯ ಮಗ ನನ್ನ ಕೈ ಹಿಡಿದುಕೊಂಡ. "ಮುಂಜಾನಿಂದ ನಂಬಿಕಿನ ಬಂದಿರಲಿಲ್ಲರಿ. ನೀವು ಹಾಡಿದಾಗ ಅಪ್ಪ ಖರೇನ ಹೋಗ್ಯಾನ ಅಂತ ಖಾತ್ರಿ ಆತು. ಜೀವ ಇದ್ದಿದ್ರ ಎದ್ದು ನಿಮ್ಮ ಹಾಡ ಬಿಡಸತಿದ್ದ."

ರೆಕಾರ್ಡಿಂಗ್

ಮಾಸ್ತರರು ಈಗ ರಾಮದುರ್ಗದಲ್ಲಿ ಮಗಳ ಮನೆಯಲ್ಲಿದ್ದಾರೆ. ಹಾಸಿಗೆ ಬಿಟ್ಟು ಏಳಲಾರರು. ಹೋದ ತಿಂಗಳು ಫೋನಿನಲ್ಲಿ, "ಒಂದ ಪದಾ ಹಾಡಿ ಕಳಸ್ರಿ. ಕಿವಿ ಇನ್ನೂ ಅದಾವು" ಎಂದರು. ಶಾಬಾಷ್ ಬರುವುದಿದ್ದರೆ ಇನ್ನು ತಡ ಮಾಡುವಂತಿರಲಿಲ್ಲ.

ಮೈಕ್ ತಂದೆ. ಸದ್ದು ಬರಬಾರದೆಂದು ಕೋಣೆಯ ಗೋಡೆಗಳಿಗೆಲ್ಲ ಕೌದಿ ತೂಗುಹಾಕಿದೆ. ಉಳಿದದ್ದು ಪಕ್ಕದ ಹಿಟ್ಟಿನ ಗಿರಣಿ. ಗಿರಣಿಯಣ್ಣನನ್ನು ಕೇಳಿಕೊಂಡೆ. ಅವನು ಬಂದ್ ಮಾಡಿದ. ಜೋಳದ ಬುಟ್ಟಿ ಇಟ್ಟುಕೊಂಡು ನಾಲ್ಕು ಮಂದಿ ಹೆಂಗಸರು ನನ್ನ ಕಟ್ಟೆಯ ಮೇಲೆ ಕುಳಿತರು.

ಊರೇ ನಿಶ್ಶಬ್ದವಾಯಿತು. ಬಾಯಿ ತೆರೆದೆ. ಸಾ ಸಿಗಲಿಲ್ಲ. ಮೂರು ಸಲ ಹುಡುಕಿದೆ.

ಕಿಟಕಿಯಿಂದ ಒಬ್ಬ ಹೆಣ್ಣುಮಗಳು, "ಅಣ್ಣಾ, ಕಳದದ್ದು ಸಿಕ್ತೇನು? ಮನ್ಯಾಗ ರೊಟ್ಟಿ ಆಗಬೇಕು" ಎಂದಳು.

ಆಗ ತಿಳಿಯಿತು. ಹದಿನಾಲ್ಕು ವರ್ಷ ನಾನು ಅಭ್ಯಾಸ ಮಾಡಿದ್ದು ಆ ಗಿರಣಿಯ ಗುಂಯ್‌ಗುಡುವಿಕೆಗೆ ಒರಗಿಕೊಂಡು. "ಹಚ್ಚೋ ಮಾರಾಯ" ಎಂದು ಕೂಗಿ ಹೇಳಿದೆ. ಗಿರಣಿ ಶುರುವಾಯಿತು, ಸಾ ಬಂದು ನಿಂತಿತು. ಒಂದೇ ಉಸಿರಿಗೆ ಹಾಡಿ ಕಳಿಸಿದೆ.

ಮರುದಿನ ಮಾಸ್ತರರ ಫೋನು. ದನಿ ಸಣ್ಣಗಾಗಿತ್ತು.

"ನಿಮ್ಮ ಪದಾ ಇರಲಿ. ಹಿಂದ ತಂಬೂರಿ ಹಿಡದವ್ರು ಯಾರು? ಸಾ ಒಂದ ಎಳಿಯಷ್ಟೂ ಅಳ್ಳಾಡಿಲ್ಲ. ಅವರಿಗೆ ನನ್ನ ಶಾಬಾಷ್ ಹೇಳ್ರಿ."

ಗುರುವಿನ ಮಾತು, ಮುಟ್ಟಿಸಲೇಬೇಕು. ಹೋಗಿ ಮುಟ್ಟಿಸಿದೆ. ಗಿರಣಿಯಣ್ಣ ಕೈಯ ಹಿಟ್ಟು ಒರೆಸಿಕೊಂಡು, ಗಂಭೀರವಾಗಿ ತಲೆಯಾಡಿಸಿದ.

"ಹೌದ್ರಿ. ಮೊನ್ನೆ ಬೆಲ್ಟ್ ಹೊಸಾದು ಹಾಕಸೇನಿ."