ಫ್ಯಾನಿನ ಕೆಳಗೆ ಬೈಟೂ ಚಹಾ

ಫರ್ನಿಚರ್ ಅಂಗಡಿಯಲ್ಲಿ ಕೂರಲು ಜಾಗಕ್ಕೇನೂ ಬರವಿಲ್ಲ. ಆದರೂ ನಮ್ಮಲ್ಲಿಯ ಜಗಳವೆಲ್ಲ ಯಾರು ಎಲ್ಲಿ ಕೂತಿದ್ದಾರೆ ಎಂಬುದರಿಂದಲೇ ಹುಟ್ಟುತ್ತಿತ್ತು. ಈಗ ನಾನಿರುವ ಆಫೀಸಿನಲ್ಲಿ ಎಸಿ ಇದೆ, ಯಾರೂ ಯಾರ ಮೇಲೂ ರೇಗುವುದಿಲ್ಲ. ಅದಕ್ಕೇ ಹುಬ್ಬಳ್ಳಿಯ ಬೈರಿದೇವರಕೊಪ್ಪದ ಆ ಹಳೆಯ ಅಂಗಡಿ ಇಷ್ಟೊಂದು ನೆನಪಾಗುತ್ತದೆ.

ಅಲ್ಲಿ ನಾನು ಬಿಲ್ಲು ಮಾಡುತ್ತಿದ್ದೆ. ಒಂದು ಬದಿಗೆ ಮಾರಾಟ ನೋಡುವ ಸರ್, ಧಾರವಾಡದವರು. ಇನ್ನೊಂದು ಬದಿಗೆ ಟೆಂಪೋದಲ್ಲಿ ಸಾಮಾನು ಮುಟ್ಟಿಸುವ ಕಾಕಾ, ಹಳೇ ಹುಬ್ಬಳ್ಳಿಯವರು. ನನಗೆ ಕೆಲಸ ಕಲಿಸಿದವರು ಅವರಿಬ್ಬರೇ. ಆದರೆ ಒಂದು ಮಾತಿಗೆ ಇಬ್ಬರೂ ಹೂಂ ಅಂದದ್ದನ್ನು ಮಾತ್ರ ನಾನು ಕಂಡಿಲ್ಲ. "ಇನ್ನೊಂದ್ಸಲ ಜಗಳಾ ಆತಂದ್ರ ಒಬ್ಬರನ್ನ ಧಾರವಾಡದ ಅಂಗಡಿಗೆ ಕಳಸ್ತೇನಿ" ಎಂದು ಮಾಲೀಕರಾದ ಸಾವ್ಕಾರ್ರು ಗದರುತ್ತಲೇ ಇದ್ದರು. ಆಗೆಲ್ಲ ಅವರಿಬ್ಬರಿಗಿಂತ ಹೆಚ್ಚು ಹೆದರುತ್ತಿದ್ದವಳು ನಾನೇ.

ಫ್ಯಾನು

ಇದ್ದದ್ದು ಒಂದೇ ಫ್ಯಾನು, ಅದೂ ಸರ್ ನೆತ್ತಿಯ ಮೇಲೆ. ಮೂಲೆಯಲ್ಲಿ ಬೆವರುತ್ತ ಕೂತ ಕಾಕಾ "ಹಚ್ಚ್ರಿ" ಅಂದರೆ, ಸರ್ "ಬಂದ್ ಮಾಡ್ರಿ, ಕುತ್ತಿಗಿ ಹಿಡೀತದ" ಅನ್ನುತ್ತಿದ್ದರು. ಒಂದು ದಿನ ಸಾವ್ಕಾರ್ರಿಗೆ ಜ್ಞಾನೋದಯವಾಯಿತು. "ಒಬ್ಬರ ಜಾಗಾದಾಗ ಇನ್ನೊಬ್ಬರು ಕುಂತು ನೋಡ್ರಿ, ಆಗ ತಿಳೀತೈತಿ" ಎಂದು ಜಾಗ ಅದಲುಬದಲು ಮಾಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಗಲಾಟೆ. ಫ್ಯಾನಿನ ಕೆಳಗಿನಿಂದ ಕಾಕಾ "ಬಂದ್ ಮಾಡ್ರಿ!" ಅನ್ನುತ್ತಿದ್ದಾರೆ, ಮೂಲೆಯಿಂದ ಸರ್ "ಹಚ್ಚ್ರಿ!" ಅನ್ನುತ್ತಿದ್ದಾರೆ. ಸಾವ್ಕಾರ್ರು ಇಬ್ಬರನ್ನೂ ಅವರವರ ಜಾಗಕ್ಕೆ ವಾಪಸ್ ಕಳಿಸಿದರು. "ಹಳೇ ಜಗಳಾನಽ ಛಲೋ ಇತ್ತು. ರೂಢಿ ಆಗಿತ್ತು."

ಕೆಲಗೇರಿಯ ಬಾಗಿಲು

ಧಾರವಾಡದ ಕೆಲಗೇರಿಗೆ ಒಂದು ತಿಜೋರಿ ಮುಟ್ಟಿಸಬೇಕಿತ್ತು. ನಮ್ಮ ಕಡೆ ಬಟ್ಟೆ ಇಡುವ ಕಬ್ಬಿಣದ ಕಪಾಟಿಗೂ ತಿಜೋರಿ ಅನ್ನುತ್ತೇವೆ. ಸರ್ ಮೊದಲೇ ಹೋಗಿ ಬಾಗಿಲು ಅಳೆದು ಬಂದಿದ್ದರು. "ಬೇವಿನ ಗಿಡದ ಹಂತ್ಯಾಕ, ಎಡಗಡೆ ಮನಿ" ಎಂದು ಕಾಕಾಗೆ ಹೇಳಿದರು. ಬಿಲ್ಲು ಹಿಡಿದು ನಾನೂ ಟೆಂಪೋ ಹತ್ತಿದೆ.

ನೋಡಿದರೆ ತಿಜೋರಿ ಒಳಗೆ ಹೋಗಲೊಲ್ಲದು. ಕಾಕಾ ಫೋನು ಹಚ್ಚಿದರು.

"ಬಾಗಲಾ ಸಣ್ಣದೈತ್ರಿ!"

"ನಾನಽ ಅಳತಿ ತಗೊಂಡೀನಿ, ದೊಡ್ಡದದ!"

"ನಾ ಬಾಗಲದಾಗಽ ನಿಂತೇನ್ರಿ!"

ತಿಜೋರಿಯನ್ನು ಅಡ್ಡ ಮಲಗಿಸಿದೆವು, ಓರೆ ಮಾಡಿದೆವು, ಕೊನೆಗೆ ಕದವನ್ನೇ ಕಳಚಿದೆವು. ಅಷ್ಟರಲ್ಲಿ ಆ ಮನೆಯ ಅಜ್ಜಿ ಎಲ್ಲರಿಗೂ ಚಹಾ ತಂದಳು. ನಾವು ಕುಡಿದು ಕಪ್ಪು ಕೆಳಗಿಟ್ಟ ಮೇಲೆ ಸಮಾಧಾನದಿಂದ ಕೇಳಿದಳು: "ಈಗ ಹೇಳ್ರಪಾ, ಇದನ್ನ ನಮ್ಮನಿಗೆ ಯಾಕ ತಂದೀರಿ?"

ಸರ್ ದಿನಾ ಅಲ್ಲಿಯ ಕೆರೆಯ ಸುತ್ತ ವಾಕಿಂಗ್ ಮುಗಿಸಿ ಆ ಓಣಿಗೆ ಬರುವವರು. ಅವರ ಎಡಗಡೆ, ದೊಡ್ಡ ರಸ್ತೆಯಿಂದ ಬಂದ ನಮಗೆ ಬಲಗಡೆ. ನಮ್ಮ ಗಿರಾಕಿಯ ಮನೆ ಎದುರಿಗಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅಜ್ಜಿಗೇ ಆಶ್ಚರ್ಯ.

"ಮನಿಗೆ ಬಂದವರಿಗೆ ಚಾ ಕೊಡೂಕಿಂತ ಮೊದಲ, ಯಾಕ ಬಂದ್ರಿ ಅಂತ ಕೇಳಾಕ ಬರ್ತೈತೇನು?"

ಅರ್ಧ ಚಹಾ

ಅಂಗಡಿಗೆ ಮರಳಿದ ಮೇಲೆ ದೊಡ್ಡ ಜಗಳವೇ ಆಯಿತು. "ಕೆರಿ ಕಡಿಂದ ಬಂದ್ರ ಅದು ಎಡಕ್ಕಽ ಬರ್ತದ" ಎಂದರು ಸರ್. "ಟೆಂಪೋ ಏನ್ ಕೆರ್ಯಾಗಿಂದ ಎದ್ದು ಬರ್ತೈತೇನ್ರಿ?" ಎಂದರು ಕಾಕಾ. ಇಬ್ಬರೂ ಮಾತು ಬಿಟ್ಟರು. ಸಾವ್ಕಾರ್ರು ಹೇಳಿದಂತೆಯೇ ಮಾಡಿದರು: ಸೋಮವಾರದಿಂದ ಸರ್ ಧಾರವಾಡದ ಅಂಗಡಿಗೆ.

ಆ ಸೋಮವಾರ ಫ್ಯಾನು ಬೇಕಾದಷ್ಟು ತಿರುಗಿತು. ಕಾಕಾ ಅದರ ಕೆಳಗೆ ಒಮ್ಮೆಯೂ ಕೂರಲಿಲ್ಲ. ನನಗಂತೂ ಅಳುವೇ ಬರುವಂತಾಗಿತ್ತು.

ಇಷ್ಟು ವರ್ಷ, ಜಗಳವಾಡಿದ ದಿನವೂ, ಅವರಿಬ್ಬರು ಒಂದೇ ಚಹಾವನ್ನು ಎರಡು ಗ್ಲಾಸಿಗೆ ಹಂಚಿಕೊಂಡು ಕುಡಿದವರು. ಸಂಜೆ ಚಹಾದ ಹೊತ್ತಿಗೆ ಸರ್ ಫೋನು ಬಂತು. ದನಿಯಲ್ಲಿ ಬಹಳ ಸಂಕೋಚ. "ತಂಗಿ, ರೂಢಿ ಮ್ಯಾಲ ಬೈಟೂ ಹೇಳಿಬಿಟ್ಟೀನಿ. ಇನ್ನೊಂದು ಗ್ಲಾಸು ಆರಲಿಕ್ಕತ್ತದ. ಅವರಿಗೆ ಹೇಳಿಬಿಡು."

ಹೇಳಿದೆ. ಕಾಕಾ ಟೆಂಪೋ ಕೀಲಿ ತೆಗೆದುಕೊಂಡು ಹೊರಟರು. ನೋಡಿದರೆ ಅವರ ಮೇಜಿನ ಮೇಲೂ ಎರಡು ಗ್ಲಾಸಿದ್ದವು.

ಸ್ವಲ್ಪ ಹೊತ್ತಿಗೆ ಸಾವ್ಕಾರ್ರು ಬಂದರು. "ಗಾಡಿ ಎಲ್ಲಿ ಹೋತು?"

"ಧಾರವಾಡಕ್ಕ್ರಿ."

"ಏನ್ ಹಾಕ್ಕೊಂಡು?"

"ಏನಿಲ್ರಿ. ಅರ್ಧಾ ಚಾ ಕುಡ್ಯಾಕ."

ಅಂಗಡಿ ಮುಚ್ಚುವ ಮೊದಲು ಟೆಂಪೋ ಬಂದು ನಿಂತಿತು. ಕಾಕಾ ಇಳಿದರು, ಆ ಕಡೆಯಿಂದ ಸರ್ ಕೂಡ ಇಳಿದರು. ಸಾವ್ಕಾರ್ರು ಬೈಯಲು ಬಾಯಿ ತೆಗೆದರು. ಸರ್ ಸೀದಾ ಒಳಗೆ ಬಂದು, ತಮ್ಮ ಕುರ್ಚಿಯಲ್ಲಿ ಕೂತು, ಮೇಲೆ ನೋಡಿದರು. "ಫ್ಯಾನ್ ಬಂದ್ ಮಾಡ್ರಿ."

"ಹಚ್ಚ್ರಿ, ಸೆಕಿ ಐತಿ!" ಎಂದರು ಕಾಕಾ ಮೂಲೆಯಿಂದ.

ನಾನು ಓಢಣಿಯಿಂದ ಕಣ್ಣೊರೆಸಿಕೊಂಡು ನಕ್ಕೆ. ಸಾವ್ಕಾರ್ರು ಒಮ್ಮೆ ಅವರನ್ನೂ ಒಮ್ಮೆ ಫ್ಯಾನನ್ನೂ ನೋಡಿ, ತಮ್ಮ ಚೀಲ ಹೆಗಲಿಗೇರಿಸಿದರು.

"ತಂಗಿ, ನಾಳಿಂದ ಧಾರವಾಡದ ಅಂಗಡಿಗೆ ನಾನಽ ಹೋಗ್ತೇನಿ."