ಬಿಸಿನೀರು ಎಂದು ನಾನು ಹೇಳಲಿಲ್ಲ

ಸಹನಾ, ಚೇತನ, ಪುಟ್ಟಿ, ನಿಮ್ಮ ಅಜ್ಜಿಗೆ ಬಾಯಿಲ್ಲವೆಂದು ಊರೆಲ್ಲ ಹೇಳುತ್ತದೆ. ಇದೆ, ಊಟಕ್ಕೆ ಚೆನ್ನಾಗಿಯೇ ತೆರೆಯುತ್ತದೆ. ಮಾತಿಗೆ ಮಾತ್ರ ಅಂಟಿಕೊಳ್ಳುತ್ತದೆ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ಪಕ್ಕದವಳೇ ನನ್ನ ಪರವಾಗಿ ‘ಬಂದಿದಾಳೆ ಸಾರ್’ ಎನ್ನುತ್ತಿದ್ದಳು. ಯಾರದಾದರೂ ತಪ್ಪು ಕಂಡರೆ, ಹೇಳಲೋ ಬೇಡವೋ ಎಂದು ಎರಡು ಸಲ ಯೋಚಿಸಿ, ಆಮೇಲೆ ಸುಮ್ಮನಿರುವುದು ನನ್ನ ರೂಢಿ.

ಮೆಕ್ಕೆಜೋಳ ಮುರಿಯುವ ಆ ದಿನ ದೊಡ್ಡವರೆಲ್ಲ ಹೊಲಕ್ಕೆ ಹೋಗಿದ್ದರು. ಹಿಂದಿನ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದ ನನ್ನ ಬಲಗೈಗೆ ಪಟ್ಟಿ ಕಟ್ಟಿತ್ತು. ಮಧ್ಯಾಹ್ನ ಹಸಿದು ಬರುವ ಮನೆಯ ಹದಿನೆಂಟು ಮಂದಿಗೆ ರೊಟ್ಟಿ, ಕಾಳುಪಲ್ಯ ಆಗಬೇಕು. ‘ನೀ ಕುಂತು ಹೇಳಜ್ಜಿ, ನಾವು ಮಾಡ್ತೀವಿ’ ಎಂದೆ ನೀನು, ಸಹನಾ. ಮಾಡುವುದಕ್ಕಿಂತ ಹೇಳುವುದೇ ನನಗೆ ಕಷ್ಟವೆಂದು ನಿನಗೇನು ಗೊತ್ತು?

ನೀನು ಪಲ್ಯಕ್ಕಿಟ್ಟೆ. ಪುಟ್ಟಿ ಈರುಳ್ಳಿ ಸುಲಿಯುತ್ತ ಕಣ್ಣೀರಿಟ್ಟಳು. ಚೇತನ ಜೋಳದ ಹಿಟ್ಟಿಗೆ ಒಂದು ಚೊಂಬು ತಣ್ಣೀರು ಸುರಿದ. ಕುದಿಯುವ ನೀರು ಹಾಕಬೇಕೆಂಬ ಮಾತು ನಾಲಿಗೆಯ ತುದಿಗೆ ಬಂತು. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಹಿಗ್ಗುತ್ತಿರುವ ಹುಡುಗನಿಗೆ ಹೇಗೆ ಹೇಳಲಿ? ಎರಡನೆಯ ಸಲ ಯೋಚಿಸುವಷ್ಟರಲ್ಲಿ ಹಿಟ್ಟೆಲ್ಲ ಕಲಸಿ ಆಗಿತ್ತು.

ಹಂಚಿನ ಮೇಲೆ ಒಂದೊಂದು ರೊಟ್ಟಿಯೂ ಬೇಸಿಗೆಯ ಕೆರೆಯಂತೆ ಬಿರಿಯಿತು. ‘ಲೇ, ಇದು ರೊಟ್ಟಿನೋ, ಒಡೆದ ಹೆಂಚೋ?’ ಎಂದೆ ನೀನು, ಸಹನಾ. ‘ನೀನೇ ತಟ್ಟಿ ನೋಡು, ಗೊತ್ತಾಗತ್ತೆ’ ಎಂದ ಅವನು.

ಸೊರಬದ ಅಕ್ಕಿ ಉಂಡು ಬೆಳೆದ ನಾನು ಶಿಕಾರಿಪುರದ ಕಡೆಯ ಈ ಮನೆಗೆ ಸೊಸೆಯಾಗಿ ಬಂದು ತಟ್ಟಿದ ಮೊದಲ ಜೋಳದ ರೊಟ್ಟಿಯೂ ಹೀಗೇ ಬಿರಿದಿತ್ತು. ‘ಏನವಾ, ರೊಟ್ಟಿ ಸುಟ್ಟೀಯೋ, ನುಚ್ಚು ಮಾಡೀಯೋ?’ ಎಂದಿದ್ದರು ಅತ್ತೆ. ನಿಮ್ಮ ಅಜ್ಜ ಮಾತ್ರ ಚೂರುಗಳನ್ನು ಸಾರಿಗೆ ಹಾಕಿಕೊಂಡು, ‘ಮುರಿಯೋ ಕೆಲಸ ತಪ್ತು’ ಎಂದು ಉಂಡೆದ್ದರು. ಅದಕ್ಕೊಂದು ಒಳ್ಳೆಯ ಮಾತು ಹೇಳಬೇಕೆಂದುಕೊಂಡೆ. ಅಂದುಕೊಳ್ಳುತ್ತಲೇ ಸಂಸಾರ ಕಳೆಯಿತು, ಅವರು ಹೋಗಿಬಿಟ್ಟರು.

ಅಷ್ಟರಲ್ಲಿ ಹೊಲದಿಂದ ಟ್ರ್ಯಾಕ್ಟರ್ ಬರುವ ಸದ್ದು ಕೇಳಿತು. ಚೇತನನ ಮುಖ ಸಣ್ಣದಾಯಿತು. ‘ಎಲ್ಲಾ ಮುರಿದು ಒಗ್ಗರಣೆಗೆ ಹಾಕಣ. ಬೇಕಂತ್ಲೇ ಮಾಡಿದ್ದು ಅನ್ನಣ’ ಎಂದೆ ನೀನು, ಸಹನಾ. ಈರುಳ್ಳಿ, ಬೆಳ್ಳುಳ್ಳಿ ಹುರಿದು, ರೊಟ್ಟಿಯ ಚೂರು ಹಾಕಿ, ಪಲ್ಯವನ್ನೂ ಅದಕ್ಕೇ ಸುರಿದು ಮಗುಚಿದಿರಿ. ಪುಟ್ಟಿ ತಟ್ಟೆ ಹಾಕಿದಳು.

ಹದಿನೆಂಟು ಮಂದಿಯೂ ಕೇಳಿ ಕೇಳಿ ಬಡಿಸಿಕೊಂಡರು. ‘ಯಾರು ಮಾಡಿದ್ದಿದು?’ ಎಂದ ನನ್ನ ದೊಡ್ಡ ಮಗ. ನೀವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ, ‘ಅಜ್ಜಿ ಹೇಳ್ಕೊಟ್ಟಿದ್ದು’ ಎಂದಿರಿ.

‘ಅವ್ವ, ಇಷ್ಟು ದಿನ ಯಾಕೆ ಮಾಡಿ ಹಾಕ್ಲಿಲ್ಲ?’ ಎಂದು ಕೇಳಿದ. ನಾನು ಎರಡು ಸಲ ಯೋಚಿಸಿದೆ. ಆಮೇಲೆ ಇನ್ನೊಂದಿಷ್ಟು ಬಡಿಸಿಕೊಂಡೆ.

ಅದಕ್ಕೇ ಈಗ ಬರೆಯುತ್ತಿದ್ದೇನೆ. ನಾನು ಏನೂ ಹೇಳಿಕೊಡಲಿಲ್ಲ. ಹೇಳಬೇಕಾದ ಒಂದು ಮಾತನ್ನೂ ಹೇಳಲಿಲ್ಲ. ಮನೆಯವರ ಹಸಿವು ತಣಿಸಿ, ನನ್ನ ಮಾನವನ್ನೂ ಕಾದವರು ನೀವು. ನಿಮ್ಮ ಉಪಕಾರ ದೊಡ್ಡದು, ಮಕ್ಕಳೇ. ಅಜ್ಜನಿಗೆ ಹೇಳದೆ ಉಳಿದ ಮಾತೂ ಇದರೊಳಗೇ ಇದೆ. ಈ ಹಾಳೆಗಳನ್ನು ಜೋಪಾನವಾಗಿಡಿ. ಕಳೆದುಬಿಟ್ಟರೆ ಇದನ್ನೆಲ್ಲ ನಿಮ್ಮ ಮುಖ ನೋಡಿ ಹೇಳಬೇಕಾಗುತ್ತದೆ; ಅದು ನನ್ನಿಂದ ಆಗುವ ಕೆಲಸವಲ್ಲ.